ದ್ವಾರಕನಾಥರ ಅಂಚೆಪೆಟ್ಟಿಗೆ

2024ರ ನವೆಂಬರ್ 18, ಸೋಮವಾರ. ಬೆಳಗ್ಗೆ ಹತ್ತು ಇಪ್ಪತ್ತಕ್ಕೆ ದುಬೈಯ ಊದ್ ಮೇಥಾ ಭಾಗದ ಪೊಲೀಸ್ ಠಾಣೆಗೆ ಉಣ್ಣೆಯ ಕೋಟು ತೊಟ್ಟ ವಿದೇಶಿ ಮುದುಕರೊಬ್ಬರು ಬಂದು, ತಮ್ಮ ಗೆಳೆಯ ಕಾಣೆಯಾಗಿದ್ದಾನೆ ಎಂದು ದೂರು ಕೊಟ್ಟರು. ಗೆಳೆಯ ಕರ್ನಾಟಕದವನು ಎಂದು ತಿಳಿದದ್ದೇ ತಡ, ಡ್ಯೂಟಿಯಲ್ಲಿದ್ದ ಲೆಫ್ಟಿನೆಂಟ್ ಸುಹೈಲ್ ಒಳಗಿನಿಂದ ಹಿಶಾಮನನ್ನು ಕರೆಸಿದ.

ಹಿಶಾಮ್ ಆ ಠಾಣೆಯ ದುಭಾಷಿ. ಉಪ್ಪಿನಂಗಡಿಯ ಬ್ಯಾರಿ ಮುಸಲ್ಮಾನ, ವಯಸ್ಸು ಐವತ್ತೊಂದು. ಅರಬ್ಬಿ, ಇಂಗ್ಲಿಷ್, ಹಿಂದಿ, ಮಲಯಾಳ, ಕನ್ನಡ, ತುಳು, ಬ್ಯಾರಿ ಎಂದು ಏಳು ಭಾಷೆ ಬಲ್ಲವನು. ಆದರೇನು, ಸಂಜೆ ಕೋಣೆಗೆ ಹೋದರೆ ಏಳರಲ್ಲಿ ಒಂದಕ್ಕೂ ಗಿರಾಕಿಯಿಲ್ಲ. ಹೆಂಡತಿ ನಫೀಸ ಊರಿನಲ್ಲಿದ್ದಳು. ಫೋನಿನಲ್ಲಿ ಇಬ್ಬರೂ ಊಟವಾಯಿತೇ ಎಂದು ಕೇಳಿ, ಆಯಿತು ಎಂದು ಹೇಳಿ, ಅಲ್ಲಿಗೆ ಮಾತು ಮುಗಿಸಿಬಿಡುತ್ತಿದ್ದರು. ಹಾಗಾಗಿ ಠಾಣೆಯಲ್ಲಿ ಯಾರಾದರೂ ಬಾಯಿಬಿಟ್ಟರೆ ಹಿಶಾಮ್ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕೇಳಿಸಿಕೊಳ್ಳುತ್ತಿದ್ದ. ಸುಹೈಲನಿಗೆ ಅದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ.

ದೂರುದಾರರ ಹೆಸರು ಪ್ರೊಫೆಸರ್ ಇಂಗ್ವರ್, ವಯಸ್ಸು ಎಪ್ಪತ್ತನಾಲ್ಕು. ಸ್ವೀಡನ್ನಿನ ಹಳೆಯದೊಂದು ವಿಶ್ವವಿದ್ಯಾಲಯದಲ್ಲಿ ನಲವತ್ತು ವರ್ಷ ಯುರೋಪಿನ ಉತ್ತರದ ದೇಶಗಳ ಪುರಾತನ ಕತೆಗಳನ್ನು ಕಲಿಸಿ ನಿವೃತ್ತರಾದವರು. ಕಾಣೆಯಾದವರು ಉಡುಪಿಯ ಬ್ರಾಹ್ಮಣರ ಮನೆತನದ ದ್ವಾರಕನಾಥ. 1975ರಲ್ಲಿ ಇಬ್ಬರೂ ಅದೇ ವಿಶ್ವವಿದ್ಯಾಲಯದ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದರು. ಎರಡು ವರ್ಷದ ಬಳಿಕ ತಂದೆ ತೀರಿಕೊಂಡದ್ದರಿಂದ ದ್ವಾರಕನಾಥರು ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು ಬಂದು, ದುಬೈಯಲ್ಲಿ ಬಂದರಿನ ಸರಕು ಬಿಡಿಸಿಕೊಡುವ ಒಂದು ಕ್ಲಿಯರಿಂಗ್ ಕಂಪನಿಯಲ್ಲಿ ಗುಮಾಸ್ತರಾದರು. ಮತ್ತೆ ಮುಖ ನೋಡಿಕೊಂಡದ್ದೇ ಇಲ್ಲ. ಆದರೆ ಕಾಗದ ನಿಂತಿರಲಿಲ್ಲ. ಕಿವಿ ಕೇಳಿಸದು, ಫೋನ್ ಬೇಡ ಎಂದು ದ್ವಾರಕನಾಥರು ಬರೆದಿದ್ದರಂತೆ. ನವೆಂಬರ್ 16ರ ಸಂಜೆ ನಾಲ್ಕಕ್ಕೆ ಊದ್ ಮೇಥಾದ ಹೋಟೆಲಿನ ಲಾಬಿಯಲ್ಲಿ ಭೇಟಿ ಎಂದು ಗೊತ್ತಾಗಿತ್ತು. ಪ್ರೊಫೆಸರ್ ಆರರವರೆಗೆ ಕಾದರು, ಮರುದಿನವೂ ಕಾದರು.

ಮನೆಯ ವಿಳಾಸ ಕೇಳಿದರೆ ಅವರ ಬಳಿ ಇದ್ದದ್ದು ಬರೀ ಪೋಸ್ಟ್ ಬಾಕ್ಸ್ ನಂಬರ್. ಈ ದೇಶದಲ್ಲಿ ಅಂಚೆಯವನು ಮನೆಬಾಗಿಲಿಗೆ ಬರುವುದಿಲ್ಲ. ಕಾಗದಗಳೆಲ್ಲ ಅಂಚೆಕಚೇರಿಯ ಪೆಟ್ಟಿಗೆಗೆ ಬೀಳುತ್ತವೆ, ಕೀಲಿ ಇದ್ದವನು ಹೋಗಿ ತರುತ್ತಾನೆ. ಕೀಲಿ ಯಾರ ಕೈಯಲ್ಲಿದೆ ಎಂದು ಕಳುಹಿಸಿದವನಿಗೆ ತಿಳಿಯುವ ದಾರಿಯೇ ಇಲ್ಲ.

ಊರಿನಲ್ಲಿ ಎಫ್‌ಐಆರ್ ಎನ್ನುವುದಕ್ಕೆ ಇಲ್ಲಿ ಬಲಾಗ್ ಎನ್ನುತ್ತಾರೆ. ಬಲಾಗ್ ದಾಖಲಿಸಲು ಸುಹೈಲ್ ಹೆಸರನ್ನು ವೀಸಾ ದಾಖಲೆಯಲ್ಲಿ ಹುಡುಕಿದ. ಹುಡುಕಿದವನು ಕಂಪ್ಯೂಟರನ್ನು ಹಿಶಾಮನ ಕಡೆಗೆ ತಿರುಗಿಸಿದ. ದ್ವಾರಕನಾಥರು 2013ರ ಮಾರ್ಚ್ 9ರಂದು ಹೃದಯಾಘಾತದಿಂದ ತೀರಿಕೊಂಡಿದ್ದರು. ದೇಹವನ್ನು ಊರಿಗೆ ಕಳುಹಿಸಲಾಗಿತ್ತು. ವೀಸಾ ರದ್ದು.

ಹೇಳುವ ಕೆಲಸ ಹಿಶಾಮನ ಪಾಲಿಗೆ ಬಂತು. ಪ್ರೊಫೆಸರ್ ತಾರೀಕನ್ನು ಎರಡು ಸಲ ಕೇಳಿದರು. ಆಮೇಲೆ ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ಇದು ಅದೇ ವರ್ಷದ ಮಾರ್ಚ್ 28ರದ್ದು," ಎಂದರು. "ಅವನೇ ಬರೆದದ್ದು. ನೀವು ಬೇರೆ ಯಾರನ್ನೋ ನೋಡುತ್ತಿದ್ದೀರಿ. ದಯವಿಟ್ಟು ನನ್ನ ಗೆಳೆಯನನ್ನು ಹುಡುಕಿಕೊಡಿ."

ಹಿಶಾಮ್ ಕಾಗದದ ತಾರೀಕನ್ನು ಮತ್ತೊಮ್ಮೆ ನೋಡಿದ. ಸುಹೈಲನಿಗೆ ಮಾತ್ರ ಕೇಸು ಸಲೀಸಾಗಿ ಕಂಡಿತು: ಸತ್ತವನ ಹೆಸರಿನಲ್ಲಿ ಯಾರೋ ಹನ್ನೊಂದು ವರ್ಷ ಕಾಗದ ಬರೆದಿದ್ದಾರೆ; ಕಾಣೆಯಾದ ದೂರನ್ನು ವಂಚನೆಯ ದೂರಾಗಿ ಬದಲಿಸಿದರೆ ಆಯಿತು, ಖಲಾಸ್. ಪ್ರೊಫೆಸರ್ ಒಪ್ಪಲಿಲ್ಲ. ತಾನು ವಂಚನೆಗೆ ಒಳಗಾಗಿದ್ದೇನೆ ಎಂದು ಸಹಿ ಹಾಕುವುದೆಂದರೆ ಗೆಳೆಯ ಇಲ್ಲವೆಂದು ಸಹಿ ಹಾಕಿದ ಹಾಗೆ. ಅದಕ್ಕೆ ಅವರ ಕೈ ಬರಲಿಲ್ಲ.

ಮಧ್ಯಾಹ್ನ ಹಿಶಾಮ್ ಪ್ರೊಫೆಸರ್ ತಂದಿದ್ದ ಕಾಗದಗಳ ಕಟ್ಟನ್ನು ಮುಂದಿಟ್ಟುಕೊಂಡು ಓದಿದ. 2013ರವರೆಗಿನವು ಕೈಬರಹ, ಆಮೇಲಿನವು ಟೈಪು ಮಾಡಿದವು. ಕೈ ನಡುಗುತ್ತದೆ ಎಂಬ ವಿವರಣೆ ಇತ್ತು. ತುಂಬ ಇದ್ದದ್ದು ಉತ್ತರದ ದೇಶಗಳ ಹಳೆಯ ಕತೆಗಳ ಮಾತು. ಅವುಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬರುತ್ತಿತ್ತು. ಕಡಲಿನಲ್ಲಿ ಮುಳುಗಿದವರು ತಮ್ಮದೇ ಉತ್ತರಕ್ರಿಯೆಯ ಊಟಕ್ಕೆ ಒದ್ದೆ ಬಟ್ಟೆಯಲ್ಲಿ ಬಂದು, ಒಲೆಯ ಬೆಂಕಿಗೆ ಮೈ ಕಾಯಿಸುತ್ತ ಕೂರುವುದು. ಹೀಗೆ ಬರುವವರು ಕೇಡು ಮಾಡಲು ಬರುತ್ತಾರೆಂದು ವಿದ್ವಾಂಸರ ಮತ. ನಿನಗೇನನ್ನಿಸುತ್ತದೆ ಎಂದು ಪ್ರೊಫೆಸರ್ 2013ರ ಫೆಬ್ರುವರಿಯಲ್ಲಿ ಕೇಳಿದ್ದರು. ಅದಕ್ಕೆ ಬಂದ ಉತ್ತರವೇ ಆ ಮಾರ್ಚ್ 28ರದ್ದು. ಅದರ ಮೇಲೆಯೇ ಪ್ರೊಫೆಸರ್ ತಮ್ಮ ಕೊನೆಯ ಪುಸ್ತಕದ ಒಂದು ಅಧ್ಯಾಯವನ್ನು ಕಟ್ಟಿದ್ದರು. ಪುಸ್ತಕ ಡಿಸೆಂಬರಿನಲ್ಲಿ ಅಚ್ಚಿಗೆ ಹೋಗಬೇಕಿತ್ತು.

ಉತ್ತರ ಹೀಗಿತ್ತು: ಕೇಡಿಗಲ್ಲ, ಕರೆದದ್ದಕ್ಕೆ ಬರುತ್ತಾರೆ. ನಮ್ಮ ಮನೆಯಲ್ಲಿ ಮದುವೆಗೆ ಮುಂಚೆ ಸತ್ತ ಹಿರಿಯರ ಹೆಸರಿನಲ್ಲಿ ಬಡವರನ್ನು ಕೂರಿಸಿ ಊಟ ಹಾಕುತ್ತಿದ್ದರು. ಅಜ್ಜನಿಗೆ ಇಷ್ಟವೆಂದು ಅಜ್ಜಿ ಹಂದಿಮಾಂಸದ ಸಾರು ತಾನೇ ಬಡಿಸುತ್ತಿದ್ದಳು. ಉಂಡವನು ಹೊರಟಾಗ, ಅಜ್ಜ ಹೊರಟ ಹಾಗೆ ಅಳುತ್ತಿದ್ದಳು.

ಹಿಶಾಮ್ ಕಾಗದ ಕೆಳಗಿಟ್ಟು ಕನ್ನಡಕ ಒರೆಸಿಕೊಂಡ. ಸ್ವೀಡನ್ನಿನ ವಿದ್ವಾಂಸರಿಗೆ ಇದರಲ್ಲಿ ಅನುಮಾನ ಪಡುವಂಥದ್ದು ಏನೂ ಕಾಣದಿದ್ದರೆ ಆಶ್ಚರ್ಯವಿಲ್ಲ. ಕರಾವಳಿಯ ಮೂರನೇ ಕ್ಲಾಸಿನ ಮಗುವಾದರೂ ನಕ್ಕುಬಿಡುತ್ತಿತ್ತು. ಉಡುಪಿಯ ಬ್ರಾಹ್ಮಣರ ಮನೆಯ ಒಲೆಯ ಮೇಲೆ ಹಂದಿಮಾಂಸ!

"ಇದು ಕೊಂಕಣಿ ಕ್ರಿಶ್ಚಿಯನರ ಮನೆಯ ಪದ್ಧತಿ ಸರ್," ಎಂದು ಅವನು ಸುಹೈಲನಿಗೆ ಹೇಳಿದ.

"ಹನ್ನೊಂದು ವರ್ಷ ಸಿಕ್ಕಿಬೀಳದವನು ಇಷ್ಟು ದೊಡ್ಡ ತಪ್ಪು ಮಾಡುತ್ತಾನಾ?"

"ಅದು ಮೊದಲನೇ ಕಾಗದ. ಸುಳ್ಳು ಹೇಳಬೇಕು ಅನ್ನುವುದೇ ಅವನಿಗೆ ಮರೆತಿತ್ತು ಅಂತ ಕಾಣುತ್ತದೆ."

ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಇಬ್ಬರೂ ದ್ವಾರಕನಾಥರ ಕಂಪನಿಗೆ ಹೋದರು. ಪೆಟ್ಟಿಗೆ ಕಂಪನಿಯ ಹೆಸರಿನಲ್ಲೇ ಇತ್ತು. ದಿನವೂ ಅಂಚೆ ತರುವವನು ಡ್ರೈವರ್ ಕುಂಞಾಲಿ, ಬ್ಯಾರಿ. ಸುಹೈಲ್ ಕೂಡಲೇ ಅವನನ್ನು ಠಾಣೆಗೆ ಕರೆದೊಯ್ಯಲು ಹೊರಟ. ಬ್ಯಾರಿಯ ಮನೆಯಲ್ಲೂ ಹಂದಿ ಬೇಯುವುದಿಲ್ಲ ಎಂದು ಹಿಶಾಮ್ ನೆನಪಿಸಬೇಕಾಯಿತು. ಕುಂಞಾಲಿ ಹೆದರಿ ಬೆವರುತ್ತ, ಕಾಗದಗಳನ್ನು ತಾನು ಓದುವುದಿಲ್ಲ, ಫಾರಿನ್ ಸ್ಟ್ಯಾಂಪಿನ ಲಕೋಟೆ ಬಂದರೆ ರೆಕಾರ್ಡ್ ರೂಮಿನಲ್ಲಿ ಕೊಡುವುದು ಮೊದಲಿನಿಂದ ಬಂದ ರೂಢಿ ಎಂದ. ರೆಕಾರ್ಡ್ ರೂಮಿನಲ್ಲಿದ್ದವನು ಮೊರಿಸ್. ಉಡುಪಿ ಕಡೆಯ ಶಿರ್ವದ ಕೊಂಕಣಿ ಕ್ರಿಶ್ಚಿಯನ್, ವಯಸ್ಸು ಐವತ್ತೆಂಟು, ಇಪ್ಪತ್ತೊಂಬತ್ತು ವರ್ಷದಿಂದ ಅಲ್ಲಿ ಫೈಲ್ ಕ್ಲರ್ಕ್. ಮದುವೆಯಾಗಿಲ್ಲ. ಶನಿವಾರದಿಂದ ರಜೆಯಲ್ಲಿದ್ದ.

ಮಧ್ಯಾಹ್ನ ಕಂಪನಿಯಲ್ಲಿ ಸಿಕ್ಕ ಮೊರಿಸನ ಫೋಟೊ ಹಿಡಿದು ಹೋಟೆಲಿನ ಸಿಸಿಟಿವಿ ನೋಡಿದರು. ಶನಿವಾರ 3:42ಕ್ಕೆ ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಸಿಹಿಯ ಪೊಟ್ಟಣ ಹಿಡಿದ ಮೊರಿಸ್ ಲಾಬಿಗೆ ಬಂದು ಕಂಬದ ಪಕ್ಕದ ಕುರ್ಚಿಯಲ್ಲಿ ಕುಳಿತ. ನಾಲ್ಕಕ್ಕೆ ಪ್ರೊಫೆಸರ್ ಬಂದರು. ಇಬ್ಬರ ನಡುವೆ ಹತ್ತು ಹೆಜ್ಜೆ. ಮೊರಿಸ್ ಎರಡು ಸಲ ಎದ್ದ, ಎರಡು ಸಲವೂ ಕುಳಿತ. ಯೌವನದಲ್ಲಿ ಒಂದೇ ಕೋಣೆಯಲ್ಲಿದ್ದವರಿಗೆ ಈ ಮುಖ ದ್ವಾರಕನಾಥರದ್ದಲ್ಲ ಎಂದು ತಿಳಿಯಲು ಎಷ್ಟು ಹೊತ್ತು? ಆರು ಐದಕ್ಕೆ ಪ್ರೊಫೆಸರ್ ಎದ್ದುಹೋದರು. ಮೊರಿಸ್ ಏಳರವರೆಗೂ ಅಲ್ಲೇ ಇದ್ದ. ಸುಹೈಲ್ ಫಾಸ್ಟ್ ಫಾರ್ವರ್ಡ್ ಮಾಡಿ ನೋಡಿದ. ಹಿಶಾಮನಿಗೆ ಅದು ಸರಿ ಎನಿಸಲಿಲ್ಲ.

ಗುರುತೇನೋ ಸಿಕ್ಕಿತು, ಆದರೆ ವಂಚನೆಯ ದೂರೇ ಇಲ್ಲದೆ ದಸ್ತಗಿರಿ ಹೇಗೆ? ಪ್ರೊಫೆಸರ್ ಕೊಡುತ್ತಿಲ್ಲ. ಸತ್ತವರ ವಾರಸುದಾರರು ಕೊಡಬಹುದು. ಬುಧವಾರ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಫ್ಲಾಟಿನಲ್ಲಿ ದ್ವಾರಕನಾಥರ ಒಬ್ಬಳೇ ಮಗಳು ಅಮಿತಾಳನ್ನು ಕಂಡರು. ಅಪ್ಪ ಹೋದಾಗ ಅವಳಿಗೆ ಇಪ್ಪತ್ತನಾಲ್ಕು. ತಾಯಿ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಹಿಶಾಮ್ ವಿಷಯವನ್ನೆಲ್ಲ ತಿಳಿಸಿದ. ಆ ಸ್ವೀಡನ್ನಿನ ಗೆಳೆಯನ ಬಗ್ಗೆ ಅಪ್ಪ ಮನೆಯಲ್ಲಿ ಎಷ್ಟೊಂದು ಹೇಳುತ್ತಿದ್ದರು, ಸತ್ತಾಗ ಅವನಿಂದ ಒಂದು ಸಾಲೂ ಬರಲಿಲ್ಲ ಎಂದು ತಾನು ಹನ್ನೊಂದು ವರ್ಷ ಅವನನ್ನು ಶಪಿಸಿದ್ದೇನೆ ಎಂದಳು. ಅಪ್ಪನ ಬದುಕಿನಲ್ಲಿ ದೊಡ್ಡದೆನ್ನುವಂಥದ್ದು ಇದ್ದದ್ದು ಆ ಗೆಳೆತನವೊಂದೇ, ಅದೂ ಸುಳ್ಳೆಂದುಕೊಂಡಿದ್ದೆ ಎಂದಳು. ಸಹಿಯ ಮಾತೆತ್ತಿದಾಗ, ಶುಕ್ರವಾರ ಠಾಣೆಗೆ ಬರುತ್ತೇನೆ, ಅವರನ್ನು ನೋಡಿ ಹೇಳುತ್ತೇನೆ ಎಂದಳು.

ಗುರುವಾರ ಸಂಜೆ ಐದೂವರೆಗೆ ದುಬೈಯ ಡಿಸ್ಕವರಿ ಗಾರ್ಡನ್ಸ್ ಬಡಾವಣೆಯಲ್ಲಿ ಮೊರಿಸ್ ತನ್ನ ಕೋಣೆಯ ಬಾಗಿಲು ತೆರೆದ. ಕೇಳುವ ಮೊದಲೇ ಪಕ್ಕಕ್ಕೆ ಸರಿದು ಒಳಗೆ ಬಿಟ್ಟ. ಒಂದು ಮಂಚ, ಒಂದು ಮೇಜು, ಗೋಡೆಯುದ್ದಕ್ಕೂ ಬಾಕ್ಸ್ ಫೈಲ್‌ಗಳು. ಬಂದ ಕಾಗದಗಳ ಮೂಲ, ಕಳುಹಿಸಿದವುಗಳ ಪ್ರತಿ, ಎಲ್ಲವೂ ತಾರೀಕಿನ ಪ್ರಕಾರ. ಇನ್ನೊಂದು ಸಾಲಿನಲ್ಲಿ ಆ ಉತ್ತರದ ದೇಶಗಳ ಕತೆಗಳ ಮೂಲವಾದ ಹಳೆಯ ನಾರ್ಸ್ ಭಾಷೆಯ ವ್ಯಾಕರಣ, ನಿಘಂಟುಗಳು, ಅಂಚುಗಳು ಸವೆದಿದ್ದವು. ತನ್ನ ವಿರುದ್ಧದ ಸಾಕ್ಷ್ಯವನ್ನು ಇಷ್ಟು ಅಚ್ಚುಕಟ್ಟಾಗಿ ಜೋಡಿಸಿಟ್ಟ ಆರೋಪಿಯನ್ನು ಸುಹೈಲ್ ಇದುವರೆಗೆ ಕಂಡಿರಲಿಲ್ಲ. ಮಹಜರು ಬರೆಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ವಿಚಾರಣೆ ಠಾಣೆಯಲ್ಲಿ, ಸಂಜೆ ಏಳಕ್ಕೆ. ಮೊರಿಸ್ ಕನ್ನಡದಲ್ಲೇ ಹೇಳುತ್ತೇನೆ ಎಂದ.

"ಕಾಗದ ಯಾಕೆ ಒಡೆದೆ?"

"ಸತ್ತ ಸುದ್ದಿ ತಿಳಿಸ್ಲಿಕ್ಕೆ. ಅಡ್ರೆಸ್ ಬೇಕಿತ್ತಲ್ಲ."

"ತಿಳಿಸಿದೆಯಾ?"

"ಎರಡು ಸಲ ಟೈಪ್ ಮಾಡಿದೆ, ಎರಡು ಸಲವೂ ಹರಿದೆ. ಆ ಕಾಗದದಲ್ಲಿ ಒಂದು ಪ್ರಶ್ನೆ ಇತ್ತು. ಸತ್ತವರು ಯಾಕೆ ಬರ್ತಾರೆ ಅಂತ. ನಂಗೆ ಅದರ ಉತ್ತರ ಗೊತ್ತಿತ್ತು."

ಹದಿನೆಂಟು ವರ್ಷ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ದ್ವಾರಕನಾಥರು ರೆಕಾರ್ಡ್ ರೂಮಿಗೆ ಬಂದು, ಮೊಸರನ್ನ ಉಣ್ಣುತ್ತ ಅವನಿಗೆ ಆ ಕತೆಗಳನ್ನೆಲ್ಲ ಹೇಳಿದ್ದರಂತೆ. ಕೇಳಲು ಬೇರೆ ಯಾರೂ ಇರಲಿಲ್ಲ. ಅವರು ಹೋದ ಮೇಲೆ ಆ ಕೋಣೆಗೆ ಊಟದ ಹೊತ್ತಿನಲ್ಲಿ ಯಾರೂ ಬರಲಿಲ್ಲ.

"ಲಾಭ ಏನು ಬಂತು?" ಎಂದು ಸುಹೈಲ್ ಕೇಳಿಸಿದ.

ಮೊರಿಸ್ ಹೇಳಿದ: "ಇಪ್ಪತ್ತೊಂಬತ್ತು ವರ್ಷದಲ್ಲಿ ನನ್ನತ್ರ ಜನ ಕೇಳಿದ್ದು ಒಂದೇ, ಆ ಫೈಲ್ ಎಲ್ಲುಂಟು ಅಂತ. ಆ ಪ್ರೊಫೆಸರೊಬ್ರೇ, ನಿನಗೆ ಏನನ್ನಿಸ್ತದೆ ಅಂತ ಕೇಳಿದ್ದು. ಅವರು ಕೇಳಿದ್ದು ನನ್ನನ್ನಲ್ಲ ಅಂತ ಗೊತ್ತುಂಟು ಸರ್."

ಹಿಶಾಮ್ ಅದನ್ನು ಅರಬ್ಬಿಗೆ ತಿರುಗಿಸಲು ಬಾಯಿ ತೆರೆದವನು, ನೀರು ಕುಡಿದು ಬಂದು ಹೇಳಿದ.

ಶುಕ್ರವಾರ ನವೆಂಬರ್ 22, ಬೆಳಗ್ಗೆ ಹತ್ತಕ್ಕೆ ಅಮಿತಾ ಬಂದಳು. ಪ್ರೊಫೆಸರ್ ಅದಕ್ಕೂ ಮೊದಲೇ ಬಂದು ಬೆಂಚಿನ ಮೇಲೆ ಕುಳಿತಿದ್ದರು. ಅವರಿಗೆ ಹಿಂದಿನ ರಾತ್ರಿಯೇ ಎಲ್ಲ ತಿಳಿಸಲಾಗಿತ್ತು. ಮೊರಿಸನನ್ನು ಕರೆತಂದಾಗ ಅಮಿತಾ ಎದ್ದು ನಿಂತಳು. ಮುಖ ನೋಡಿದರೆ ಬೈಯುತ್ತಾಳೆ ಎಂದು ಹಿಶಾಮ್ ಅಂದುಕೊಂಡಿದ್ದ.

"ಮೊರಿಸ್ ಅಂಕಲ್," ಎಂದಳು. "ಅಪ್ಪನ ಬಾಡಿ ಕಳಿಸುವಾಗ ಪೇಪರ್ಸ್ ಎಲ್ಲ ಮಾಡಿದ್ದು ನೀವೇ. ಏರ್‌ಪೋರ್ಟ್ ತನಕ ಬಂದಿದ್ರಿ. ಆಮೇಲೆ ಒಂದು ಫೋನ್ ಕೂಡ ಇಲ್ಲ."

"ಎಂತ ಅಂತ ಹೇಳೂದು ಮಗಾ, ಧೈರ್ಯ ಬರಲಿಲ್ಲ."

"ಹನ್ನೊಂದು ವರ್ಷ ಸ್ವೀಡನ್ನಿಗೆ ಬರೆದ್ರಿ. ಅಬುಧಾಬಿ ಒಂದು ಗಂಟೆ ದಾರಿ. ಅಪ್ಪ ಹೇಳ್ತಿದ್ದ ಕತೆ ಎಲ್ಲ ನಿಮಗೆ ಗೊತ್ತಿತ್ತು. ನನಗೂ ಕೇಳ್ಲಿಕ್ಕಿತ್ತು ಅಂಕಲ್. ನಾನೂ ಒಬ್ಳೇ ಇದ್ದೆ."

ಮೊರಿಸ್ ಮುಖ ಮುಚ್ಚಿಕೊಂಡ. ಅಮಿತಾ ಅವನ ಭುಜವನ್ನು ಒಮ್ಮೆ ಮುಟ್ಟಿ, ಮೇಜಿಗೆ ಬಂದು, ದೂರಿಗೆ ಸಹಿ ಹಾಕಿದಳು. ಕನಿಕರ ಬೇರೆ, ಅಪ್ಪನ ಹೆಸರು ಬೇರೆ ಎಂದು ಹಿಶಾಮನಿಗೆ ಅವಳು ವಿವರಿಸಬೇಕಾಗಲಿಲ್ಲ. 10:50ಕ್ಕೆ ದಸ್ತಗಿರಿ ದಾಖಲಾಯಿತು. ಸತ್ತ ವ್ಯಕ್ತಿಯ ಸೋಗು, ಪರರ ಅಂಚೆ ತೆರೆದದ್ದು. ಶಿಕ್ಷೆ ಮುಗಿಸಿ ಊರಿಗೆ ಗಡೀಪಾರಾಗುವುದು ಬಹುತೇಕ ಖಚಿತ ಎಂದು ಸುಹೈಲ್ ಹೇಳಿದ. ಅವನ ದನಿಯಲ್ಲೂ ಗೆದ್ದ ಖುಷಿ ಇರಲಿಲ್ಲ.

ಹೊರಗೆ ಪ್ರೊಫೆಸರ್ 2013ರವರೆಗಿನ ಕೈಬರಹದ ಕಾಗದಗಳನ್ನು ಅಮಿತಾಳ ಮಡಿಲಲ್ಲಿಟ್ಟು, ಹಿಂದೆಯೇ ಹೇಳಬೇಕಿದ್ದ ಸಂತಾಪವನ್ನು ಹೇಳಿದರು. ಇಬ್ಬರೂ ಅತ್ತರು. ಕಾನ್‌ಸ್ಟೇಬಲ್ ಒಬ್ಬ ಚಹಾ ತಂದಿಟ್ಟ. ಅವಳು ಹೊರಟ ಮೇಲೆ ಪ್ರೊಫೆಸರ್ ನೋಟುಬುಕ್ ಹಿಡಿದು ಹಿಶಾಮನ ಮೇಜಿಗೆ ಬಂದರು.

ಮೊರಿಸನನ್ನು ಕ್ಷಮಿಸಲು ತನ್ನಿಂದಾಗುತ್ತದೋ ಇಲ್ಲವೋ ಗೊತ್ತಿಲ್ಲ, ಗೆಳೆಯನಿಗಾಗಿ ಅಳುವ ಹನ್ನೊಂದು ವರ್ಷವನ್ನು ಆತ ಕಿತ್ತುಕೊಂಡಿದ್ದಾನೆ ಎಂದರು. ಆದರೆ ಪುಸ್ತಕದಲ್ಲಿ ತಪ್ಪು ಉಳಿಯಬಾರದು.

"ಕರೆದದ್ದಕ್ಕೆ ಬರುತ್ತಾರೆ ಎಂಬ ಆ ಮಾತು ದ್ವಾರಕನಾಥನದ್ದಲ್ಲ," ಎಂದರು. "ಹೇಳಿದವನ ಪೂರ್ತಿ ಹೆಸರು ಬೇಕು."

ಹಿಶಾಮ್ ದಸ್ತಗಿರಿಯ ಹಾಳೆ ತೆಗೆದು ನಿಧಾನವಾಗಿ ಓದಿದ: ಮೊರಿಸ್ ಬೊನವೆಂಚರ್ ಕಸ್ತೆಲಿನೊ. ಪ್ರೊಫೆಸರ್ ಬರೆದುಕೊಂಡು, ಹೆಸರಿನ ಜೊತೆಗೆ ಆತನ ಹುದ್ದೆ, ಸಂಸ್ಥೆಯನ್ನೂ ಹಾಕುವುದು ವಾಡಿಕೆ, ಏನೆಂದು ಬರೆಯಲಿ ಎಂದು ಕೇಳಿದರು.

"ಫೈಲ್ ಕ್ಲರ್ಕ್," ಎಂದ ಹಿಶಾಮ್.

ಪ್ರೊಫೆಸರ್ ಅದನ್ನೂ ಬರೆದುಕೊಂಡರು.