ಎಳ್ಳಿನಷ್ಟು ಮಾಲು

2019ರ ಮಾರ್ಚ್ 14, ಗುರುವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಎಂಜಿನಿಯರಿಂಗ್ ಕಾಲೇಜಿನ ಸಂಶೋಧನಾ ವಿದ್ಯಾರ್ಥಿನಿ ಯಾಸ್ಮೀನ ಬೆಟಗೇರಿಯ ಠಾಣೆಗೆ ಬಂದು ತನ್ನ ಚಿಪ್ ಕಳುವಾಗಿದೆ ಎಂದು ದೂರು ಕೊಟ್ಟಳು. ಇನ್ಸ್‌ಪೆಕ್ಟರ್ ಮಾಶಾಕ ಅದರ ಅಳತೆ ಕೇಳಿದರು. ಆಕೆ ಕಾಗದದ ಮೇಲೆ ಪೆನ್ನಿನಿಂದ ಒಂದು ಚುಕ್ಕೆ ಇಟ್ಟು, ಇದಕ್ಕಿಂತ ತುಸು ದೊಡ್ಡದು ಎಂದಳು.

ಎಫ್‌ಐಆರ್ ಬರೆಯಲು ಕುಳಿತ ಹೆಡ್ ಕಾನ್‌ಸ್ಟೆಬಲ್ ಹುಚ್ಚೀರಪ್ಪ ಪೆನ್ನು ತಡೆದ.

“ಎಳ್ಳಿನಷ್ಟು ಅಂತ ಬರೀತೇನ್ರಿ ಸಾಹೇಬ್ರ. ಕರಿ ಎಳ್ಳೋ, ಬಿಳಿ ಎಳ್ಳೋ?”

ಮಾಶಾಕ ನಗಲಿಲ್ಲ. ಅವರಿಗೂ ಅದು ಗೊತ್ತಿರಲಿಲ್ಲ.

ಯಾಸ್ಮೀನ ವಿವರಿಸಿದಳು. ರೋಗಿಯ ಎದೆಗೆ ಅಂಟಿಸುವ ಪಟ್ಟಿಯೊಳಗೆ ಆ ಚಿಪ್ ಕೂರುತ್ತದೆ. ಹೃದಯದ ಬಡಿತವನ್ನು ವೈದ್ಯರ ಫೋನಿಗೆ ಕಳಿಸುತ್ತದೆ. ನಡುವೆ ಯಾರೂ ಓದದಂತೆ, ತಿದ್ದದಂತೆ ಗುಪ್ತ ಸಂಕೇತದ ಬೀಗ ಹಾಕುತ್ತದೆ. ಅಂಗಿಯ ಗುಂಡಿಯಷ್ಟು ಬ್ಯಾಟರಿಯಲ್ಲೇ ವರ್ಷವಿಡೀ ನಡೆಯಬೇಕು. ಹಾಗಾಗಿ 40 ಮೈಕ್ರೊವ್ಯಾಟ್‌ಗಿಂತ ಹೆಚ್ಚು ವಿದ್ಯುತ್ ಎಳೆಯುವಂತಿಲ್ಲ. ಸೋಮವಾರ ಹೊರಗಿನ ಪರೀಕ್ಷಕರು ಬಂದು ಅಳೆಯುವವರಿದ್ದರು. ಇದ್ದದ್ದು ಅದೊಂದೇ; ಹೊಸದು ಮಾಡಿಸಲು ನಾಲ್ಕು ತಿಂಗಳು ಬೇಕು. ಅನುದಾನದ ಅವಧಿ ತಿಂಗಳ ಕೊನೆಗೆ ಮುಗಿಯುತ್ತದೆ. ಅಳತೆಯಾಗದಿದ್ದರೆ ಆಕೆಯ ಐದು ವರ್ಷದ ಕೆಲಸಕ್ಕೆ ಪದವಿ ಸಿಗುವುದಿಲ್ಲ.

11:45ಕ್ಕೆ ಕಾಲೇಜಿನ ಪ್ರಯೋಗಾಲಯದಲ್ಲಿ ಸ್ಥಳ ಪಂಚನಾಮೆ ಶುರುವಾಯಿತು. ಕಪಾಟಿನ ಬೀಗ ಒಡೆದಿರಲಿಲ್ಲ. ಒಳಗಿನ ಡಬ್ಬಿ ಖಾಲಿ. ಪಂಚರಲ್ಲಿ ಒಬ್ಬನಾದ ಕ್ಯಾಂಟೀನಿನ ಉಸ್ಮಾನಸಾಬ ಸಹಿ ಹಾಕಲು ಒಪ್ಪಲಿಲ್ಲ.

“ಇದ್ದಾಗ ನೋಡಿಲ್ಲ. ಹೋಗಿದ್ದಕ್ಕ ಹೆಂಗ ಸಹಿ ಮಾಡ್ಲಿರಿ?”

ಖಾಲಿ ಡಬ್ಬಿಯನ್ನಷ್ಟೇ ಬರೆದು ಸಹಿ ಪಡೆಯಲಾಯಿತು.

ಮಾಶಾಕ ಕಳ್ಳನ ಲಾಭ ಹುಡುಕಿದರು, ಸಿಗಲಿಲ್ಲ. ಚಿಪ್ ಮಾರಿದರೆ ಕೊಳ್ಳುವವರಿಲ್ಲ. ನಕ್ಷೆಯಿಲ್ಲದೆ ಯಾರಿಗೂ ಅದು ಉಪಯೋಗಕ್ಕೆ ಬಾರದು; ನಕ್ಷೆಯೆಲ್ಲ ಕಂಪ್ಯೂಟರಿನಲ್ಲಿ ಹಾಗೇ ಇದೆ. ಡಬ್ಬಿಯನ್ನು ಮತ್ತೆ ನೋಡಿದಾಗ ತಳದ ಕರಿ ಸ್ಪಂಜಿನ ಒಂದು ಮೂಲೆ ಕತ್ತರಿಸಿರುವುದು ಕಂಡಿತು. ಆ ಸ್ಪಂಜು ಏಕೆಂದು ಕೇಳಿದರು. ಬೆರಳಿನಲ್ಲಿರುವ ಸ್ಥಿರವಿದ್ಯುತ್ ತಾಗಿದರೂ ಚಿಪ್ ಸುಟ್ಟುಹೋಗುತ್ತದೆ, ಈ ಸ್ಪಂಜು ಅದನ್ನು ಕಾಯುತ್ತದೆ ಎಂದಳು ಯಾಸ್ಮೀನ.

“ಕದ್ದಾಂವ ಮಾಲಿಗೆ ಹಾಸಿಗಿನೂ ಒಯ್ದಾನಲ್ಲವ್ವಾ. ಕೀಲಿ ಯಾರ‍್ಯಾರ ಕಡೆ ಅದಾವು?”

“ನನ್ನ ಕಡೆ ಒಂದು, ನನ್ನ ಜೋಡಿ ಕೆಲಸ ಮಾಡೋ ಸಿದ್ದಾರೂಢನ ಕಡೆ ಒಂದು.” ಆಕೆ ತಡೆದು ಹೇಳಿದಳು: “ಅಂವ ಅಲ್ರಿ ಸರ್. ಗುಪ್ತ ಬೀಗದ ಭಾಗ ಮಾಡಿದಾಂವನ ಅಂವ.”

ಬುಧವಾರ ಮಧ್ಯಾಹ್ನ ಆಕೆ ಚಿಪ್ ನೋಡಿದ್ದಳು. ಅಂದೇ ಸಂಜೆ ಸಿದ್ದಾರೂಢ ರಜೆ ಹಾಕಿ ಲಕ್ಷ್ಮೇಶ್ವರಕ್ಕೆ ಹೋಗಿದ್ದ.

ಶುಕ್ರವಾರ ಬೆಳಿಗ್ಗೆ 8:10ಕ್ಕೆ ಪೊಲೀಸರು ಅವನ ಮನೆ ತಲುಪಿದರು. ಅವನು ಏನೂ ವಾದಿಸದೆ ಒಳಗಿನಿಂದ ಕುಂಕುಮದ ಭರಣಿ ತಂದು ಮುಚ್ಚಳ ತೆಗೆದ. ಒಳಗೆ ಕರಿ ಸ್ಪಂಜಿನ ತುಂಡಿನ ಮೇಲೆ ಚಿಪ್ ಇತ್ತು. ಹುಚ್ಚೀರಪ್ಪ ಬಗ್ಗಿದ.

“ಉಸಿರು ಬಿಡಬ್ಯಾಡ್ರಿ,” ಎಂದ ಸಿದ್ದಾರೂಢ. “ಹಾರಿ ಹೋಗತೈತಿ.”

ಎಳ್ಳು ಕರಿಯದೂ ಅಲ್ಲ, ಬಿಳಿಯದೂ ಅಲ್ಲ, ಬೂದು ಬಣ್ಣ. ಜಪ್ತಿ ಪಂಚನಾಮೆಯಾಗಿ, ಕಳವಿನ ಕಲಂ 380ರಡಿ ಅವನನ್ನು 9:30ಕ್ಕೆ ಬಂಧಿಸಲಾಯಿತು.

“ಕದ್ದಿದ್ದ್ಯಾಕ?” ಎಂದರು ಮಾಶಾಕ.

“ಬೀಗ ಸೇರಿಸಿದ್ರ ಕಂಪ್ಯೂಟರ್ ಲೆಕ್ಕದಾಗ 43 ಬರ್ತಿತ್ರಿ. ನಾ ಯಾಸ್ಮೀನಗ 39 ಅಂತ ಹೇಳಿದ್ದೆ. ಸೋಮವಾರ ಅಳೀತಿದ್ರು.”

“ಒಡದು ಒಗೀಬಹುದಿತ್ತಲ್ಲ.”

“ಎರಡು ವರ್ಷ ಮಾಡೇನ್ರಿ. ಕೈ ಬರಲಿಲ್ಲ.”

ಕಳುವಾಯಿತೆಂದರೆ ಅನುದಾನದ ಅವಧಿ ಮುಂದೂಡುತ್ತಾರೆ, ಅಷ್ಟರಲ್ಲಿ ಮೂರು ಮೈಕ್ರೊವ್ಯಾಟ್ ಇಳಿಸಿ ಹೊಸ ಚಿಪ್ ಮಾಡಿಸಬಹುದು ಎಂದು ಅವನು ಎಣಿಸಿದ್ದ. ಗುಪ್ತ ಬೀಗವನ್ನೇ ಬಂದ್ ಮಾಡಿದ್ದರೆ ಮಿತಿಯೊಳಗೆ ಬರುತ್ತಿತ್ತು. ಆದರೆ ರೋಗಿಯ ಎದೆಬಡಿತ ಬಯಲಾಗುತ್ತಿತ್ತು. ಅದಕ್ಕೆ ಅವನ ಮನಸ್ಸು ಒಪ್ಪಿರಲಿಲ್ಲ. ಸುಳ್ಳಿಗೆ ಒಪ್ಪಿದ ಮನಸ್ಸು ಇದಕ್ಕೇಕೆ ಒಪ್ಪಲಿಲ್ಲವೆಂದು ಮಾಶಾಕರಿಗೆ ಕೊನೆಗೂ ಅರ್ಥವಾಗಲಿಲ್ಲ.

ಶನಿವಾರ ನ್ಯಾಯಾಲಯ ಚಿಪ್ ಅನ್ನು ಮಧ್ಯಂತರವಾಗಿ ದೂರುದಾರಳ ವಶಕ್ಕೆ ಕೊಟ್ಟಿತು. ಸಿದ್ದಾರೂಢ ನ್ಯಾಯಾಂಗ ಬಂಧನಕ್ಕೆ ಹೋದ. ಸೋಮವಾರ ಪರೀಕ್ಷಕರ ಎದುರು ಯಾಸ್ಮೀನ ಗುಪ್ತ ಬೀಗವನ್ನು ಚಾಲೂ ಇಟ್ಟು ಅಳೆದಳು. ಕಂಪ್ಯೂಟರಿನ ಲೆಕ್ಕ ಅತಿ ಕೆಟ್ಟ ಸ್ಥಿತಿಯನ್ನು ಊಹಿಸಿ ಮಾಡಿದ್ದು. ಕೈಗೆ ಬಂದ ಚಿಪ್ ಅದಕ್ಕಿಂತ ಚೆನ್ನಾಗಿತ್ತು. ಅದು ಎಳೆದ ವಿದ್ಯುತ್ 38.6 ಮೈಕ್ರೊವ್ಯಾಟ್.