ಹೆಸರು ಕೇಳಿದರೆ ಗೊತ್ತಾಗುವುದಿಲ್ಲ

“ನಿನ್ನ ಹೆಸರು ಕೇಳಿದ್ರ ಯಾರಿಗೂ ಗೊತ್ತಾಗಂಗಿಲ್ಲ,” ಎಂದ ಶಿವಕಾಂತ. “ಮದುವಿ ಆಗೋತನಕ ನಿಮ್ಮ ಜಾತಿ ನಮ್ಮ ಮನ್ಯಾಗ ಹೇಳೋದು ಬ್ಯಾಡ.”

ಮಸ್ಕಿಯ ಚಹಾದಂಗಡಿಯಲ್ಲಿ ಮಹೇಶ್ವರಿ ಕೈಯಲ್ಲಿದ್ದ ಮಿರ್ಚಿ ಭಜಿಯನ್ನು ತಟ್ಟೆಗೆ ಹಾಕಿದಳು. ಇಬ್ಬರೂ ಸಿಂಧನೂರಿನ ಒಂದೇ ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕರು. ಇಬ್ಬರದೂ ಪಿಎಚ್‌ಡಿ ಮುಗಿಯುತ್ತ ಬಂದಿತ್ತು. ಅವನು ಬಳಗಾನೂರಿನ ಲಿಂಗಾಯತ ಜಮೀನುದಾರರ ಮಗ. ಅವಳು ತುರ್ವಿಹಾಳದ ದಲಿತ ಕೇರಿಯವಳು. ಜಗಳವಾಡುತ್ತಲೇ ಪ್ರೀತಿಗೆ ಬಿದ್ದಿದ್ದರು.

“ನಾ ಏನು ಕದ್ದ ಮಾಲೇನು, ಮುಚ್ಚಿ ಒಯ್ಯಾಕ?”

“ಅವ್ವಗ ಬಿಪಿ ಐತಿ, ಮಹೇಶಿ...”

“ಇನ್ನ ಮ್ಯಾಲೆ ಮೇಡಂ ಅನ್ರಿ.”

ಮರುದಿನದಿಂದ ಸ್ಟಾಫ್ ರೂಮಿನಲ್ಲಿ ಅವನು ನೋಡಿದಾಗಲೆಲ್ಲ ಅವಳು ಕನ್ನಡಕ ಏರಿಸಿ ಕಿಟಕಿಯತ್ತ ತಿರುಗುವಳು. ತುಟಿ ಬಿಗಿದದ್ದಷ್ಟೇ ಅವನಿಗೆ ಕಾಣುತ್ತಿತ್ತು. ಅವನ ದಿನ ಹಾಳಾಗಲು ಅಷ್ಟು ಸಾಕಾಗಿತ್ತು.

ಲಿಂಗಸುಗೂರಿನ ವಿಚಾರ ಸಂಕಿರಣದಲ್ಲಿ ಅವಳು ಭತ್ತದ ನಾಟಿ ಹಚ್ಚುವ ಹೆಂಗಸರ ನೆನಪುಗಳ ಮೇಲೆ ಪ್ರಬಂಧ ಓದಿದಳು. “ಇವರಲ್ಲಿ ನಮ್ಮವ್ವನೂ ಒಬ್ಬಳು” ಎಂದು ಶುರು ಮಾಡಿ ತನ್ನ ಕೇರಿಯ ಹೆಸರನ್ನೂ ಹೇಳಿದಳು.

ಹಿರಿಯ ಪ್ರಾಧ್ಯಾಪಕರೊಬ್ಬರು ನಕ್ಕರು. “ಇದು ಸಂಶೋಧನಾ ಅಲ್ಲಮ್ಮ, ಅಳು. ಕೋಟಾದಾಗ ಎಲ್ಲಾ ನಡೀತದ.”

ಸಭೆಯೂ ನಕ್ಕಿತು. ಹಿಂದಿನ ಸಾಲಿನಲ್ಲಿದ್ದ ಶಿವಕಾಂತ ಸಿಟ್ಟಿನಿಂದ ಎದ್ದು ನಿಂತ.

“ನೀವು ಕೂಡ್ರಿ,” ಮಹೇಶ್ವರಿ ಮೈಕಿನಲ್ಲೇ ಅವನನ್ನು ಗದರಿದಳು. “ಉತ್ತರ ನನಗ ಬರ್ತದ.” ಪ್ರಾಧ್ಯಾಪಕರ ಕಡೆ ತಿರುಗಿದಳು. “ಸರ್, ನಿಮ್ಮ ಪುಸ್ತಕದಾಗ ನಮ್ಮ ಸೀಮಿಗೆ ಕಾಲುವೆ ಬಂದ ಕಥಿ ಐತಿ. ಆ ನೀರಾಗ ಬಗ್ಗಿ ನಾಟಿ ಹಚ್ಚಿದಾಕಿ ಒಬ್ಬಾಕಿನೂ ಇಲ್ಲ. ನಾ ಅವರನ್ನ ಕೇಳಿ ಬರ್ದೀನಿ. ನೀವು ಯಾರನ್ನ ಕೇಳಿದ್ರಿ?”

ಈ ಸಲ ಯಾರೂ ನಗಲಿಲ್ಲ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವನು ಪಕ್ಕಕ್ಕೆ ಬಂದು ನಿಂತ. ಗಡ್ಡ ಬೆಳೆದಿತ್ತು, ಅಂಗಿಗೆ ಇಸ್ತ್ರಿ ಇರಲಿಲ್ಲ.

“ಮನ್ಯಾಗ ಹೇಳೀನಿ. ಅವ್ವ ಮಾತು ಬಿಟ್ಟಾಳ. ಸಿಂಧನೂರಾಗ ರೂಮ್ ಮಾಡೀನಿ.”

“ನನ್ನ ಸಲುವಾಗಿ ಆಗಿದ್ರ ವಾಪಸ್ ಹೋಗ್ರಿ.”

“ನಿನ್ನ ಸಲುವಾಗಿ ಅಲ್ಲ. ಅವತ್ತು ಜಾತಿ ಮುಚ್ಚಿಡು ಅಂದೆನಲ್ಲ, ನನಗ ನನ್ನ ಮ್ಯಾಲೇ ಹೇಸಿಕಿ ಬಂತು.” ಅವನ ದನಿ ಇಳಿಯಿತು. “ನೀ ಸಿಗದಿದ್ರೂ ಹೇಳಾವನೇ ಇದ್ದೆ. ಸಿಕ್ಕರ ಬದುಕ್ತೀನಿ.”

ಅವಳಿಗೆ ಅಳು ಬಂತು. ಅದನ್ನು ಅವನಿಗೆ ತೋರಿಸುವ ಮನಸ್ಸಾಗಲಿಲ್ಲ.

“ನಮ್ಮವ್ವ ನಿಮ್ಮಂಥವರ ಹೊಲದಾಗ ಬೈಸಿಕೊಂಡು ದುಡಿದಾಳ. ಆಕಿ ಒಪ್ಪತಾಳಂತ ತಿಳ್ಕೋಬ್ಯಾಡ್ರಿ.”

“ಬೈತಾಳೇನು?”

“ಹೊಡದ್ರೂ ಹೊಡದಾಳು.”

ತುರ್ವಿಹಾಳದ ಬಸ್ ಬಂತು. ಮಹೇಶ್ವರಿ ಹತ್ತಿ, ಬಾಗಿಲಲ್ಲೇ ತಿರುಗಿ ನಿಂತಳು. ಹಿಂದಿನಿಂದ ಕಂಡಕ್ಟರ್ ಒಳಗೆ ಸರಿಯಿರೆಂದು ಕೂಗುತ್ತಿದ್ದ.

“ಬರ್ತೀಯೋ, ಅಲ್ಲೇ ನಿಂದರ್ತೀಯೋ?”

ಶಿವಕಾಂತ ಓಡಿ ಬಸ್ ಹತ್ತಿದ.