ಬೆಳದಿಂಗಳಪ್ಪ

“ಪಾಟಿಚೀಲ ಇಲ್ಲೇ ಗೂಟಕ್ಕ ನೇತಾಡಾಕತ್ತದ. ಮತ್ತ ನಿಮ್ಮ ಆಯಿ ಎಲ್ಲಿ ಬೇ?”

ಬಾಗಿಲಲ್ಲಿ ನಿಂತಿದ್ದ ಗುರುಬಾಯಿ ಕೇಳಿದಳು. ಆಕೆಯ ಕಂಕುಳಲ್ಲೂ ಒಂದು ಪಾಟಿ ಇತ್ತು.

ವಿಜಯಶ್ರೀ ಹಿತ್ತಲ ಕಡೆ ಕೈ ತೋರಿಸಿದಳು. ಅಲ್ಲಿ ಅವಳ ಅಜ್ಜಿ, ಆಯಿ, ಮೊರದ ತುಂಬ ತೊಗರಿಬೇಳೆ ಹರವಿಕೊಂಡು ಕೂತಿದ್ದಳು. ಕೈ ಬೇಳೆಯ ಮೇಲಿತ್ತು. ಆದರೆ ಆರಿಸುತ್ತಿರಲಿಲ್ಲ.

“ನಿಂಬೆವ್ವ, ಏಳು. ಟೀಚರ್ ದಿನಾ ಕೇಳಾಕತ್ತಾರ. ನೀ ಬರೂದು ಬಿಟ್ಟಮ್ಯಾಲ ಕ್ಲಾಸಿಗೆಲ್ಲ ನಾನೇ ದಡ್ಡಿ ಆಗೇನಿ. ಮೊದಲ ನೀ ಇದ್ದಿ.”

ಆಯಿ ನಗಲಿಲ್ಲ. “ನನಗ ಸಾಲಿ ಸಾಕವ್ವ. ನೀ ಹೋಗು.”

ನಿಂಬರ್ಗಾದ ಶಾಲೆಯಲ್ಲಿ ಮಕ್ಕಳು ಮನೆಗೆ ಹೋದ ಮೇಲೆ ಹೆಂಗಸರ ಕ್ಲಾಸ್ ನಡೆಯುತ್ತಿತ್ತು. ವಿಜಯಶ್ರೀ ಹಗಲು ಕೂರುವ ಬೆಂಚಿನ ಮೇಲೆ ಸಂಜೆ ಆಯಿ ಕೂರುತ್ತಿದ್ದಳು. ವಿಜಯಶ್ರೀಯೂ ಜೊತೆಗೆ ಹೋಗಿ, ಆಯಿ ಬರೆದದ್ದನ್ನು ತಿದ್ದುತ್ತಿದ್ದಳು. ಆಯಿ ಬರೆಯುವಾಗ ಕೈತುಂಬ ಇದ್ದ ಹಸಿರು ಬಳೆಗಳು ಪಾಟಿಗೆ ಬಡಿದು ಸದ್ದಾಗುತ್ತಿತ್ತು. ಈಗ ಆ ಬಳೆಗಳಿಲ್ಲ. ಅಜ್ಜನೂ ಇಲ್ಲ.

ಅಜ್ಜನ ಹೆಸರು ಚಂದ್ರಾಮಪ್ಪ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಆಯಿಗೆ ಯಾರೋ ಚಿಕ್ಕಂದಿನಲ್ಲೇ ಹೇಳಿದ್ದರು. ಹಾಗಾಗಿ ಆಯಿ ಅಜ್ಜನ ಹೆಸರಷ್ಟೇ ಅಲ್ಲ, ಚಂದ್ರನ ಹೆಸರನ್ನೂ ಹೇಳುತ್ತಿರಲಿಲ್ಲ. ‘ಬೆಳದಿಂಗಳಪ್ಪ’ ಅನ್ನುತ್ತಿದ್ದಳು. ವಿಜಯಶ್ರೀಯೂ ಚಂದ್ರನ ಹೆಸರು ಅದೇ ಎಂದುಕೊಂಡಿದ್ದಳು. ಒಂದನೇ ಕ್ಲಾಸಿನಲ್ಲಿ ಹಾಗೆ ಹೇಳಿ ಎಲ್ಲರನ್ನೂ ನಗಿಸಿದ್ದಳು.

ಆಯಿಯ ಪುಸ್ತಕದಲ್ಲಿ ‘ಚ’ ಬಂದಾಗ ಪಕ್ಕದಲ್ಲೇ ಚಂದ್ರನ ಚಿತ್ರ ಇತ್ತು. ಆಯಿ ಚಿತ್ರದ ಮೇಲೆ ಬೆರಳಿಟ್ಟು, “ಚ... ಬೆಳದಿಂಗಳಪ್ಪ” ಎಂದು ಓದಿದ್ದಳು. ಗುರುಬಾಯಿ ಬಿದ್ದು ಬಿದ್ದು ನಕ್ಕಿದ್ದಳು.

“ಅದು ‘ಬ’ ಆಗ್ತದ ಆಯಿ. ಸರಿಯಾಗಿ ಅನ್ನು” ಎಂದು ವಿಜಯಶ್ರೀ ಬಿಡದೆ ಗಂಟುಬಿದ್ದಿದ್ದಳು. ಕೊನೆಗೆ ಆಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು “ಚಂದ್ರ” ಅಂದಿದ್ದಳು.

“ಜೋರಾಗಿ ಅನ್ನು, ಕೇಳಸವಲ್ದು” ಅಂದಿದ್ದಳು ವಿಜಯಶ್ರೀ. ಆಯಿ ಜೋರಾಗಿಯೇ ಅಂದಿದ್ದಳು.

ಗುರುಬಾಯಿ ಹೋದ ಮೇಲೆ ವಿಜಯಶ್ರೀ ಮೊರದ ಪಕ್ಕದಲ್ಲಿ ಕೂತಳು. “ಯಾಕ ಬರವಲ್ಲಿ ಆಯಿ?”

ಆಯಿ ಬೇಳೆಗೇ ಹೇಳುವಂತೆ ಹೇಳಿದಳು. “ನಾ ಹೆಸರ ತಗೊಂಡೆ. ಅದೇ ವಾರದಾಗ ಅವ್ರು ಹ್ವಾದ್ರು.”

ವಿಜಯಶ್ರೀ ಎದ್ದು ಶಾಲೆಗೆ ಓಡಿದಳು.

ಕ್ಲಾಸ್ ಇನ್ನೂ ಶುರುವಾಗಿರಲಿಲ್ಲ. ಹಮೀದಾಬೇಗಂ ಟೀಚರ್ ಬೋರ್ಡ್ ಒರೆಸುತ್ತಿದ್ದರು.

“ಟೀಚರ್ರಿ, ಆಯಿ ಅಜ್ಜನ ಹೆಸರ ಅನ್ನಂಗಿಲ್ಲ ಅಂದ್ಳು. ನಾನೇ ಅನ್ನು ಅಂದೆ. ಅಜ್ಜ ಸತ್ತದ್ದು ನನ್ನಿಂದೇನ್ರಿ?”

ಟೀಚರ್ ಡಸ್ಟರ್ ಕೆಳಗಿಟ್ಟು ಅವಳನ್ನು ಹತ್ತಿರ ಕರೆದರು. “ಹುಚ್ಚಿ. ಅಜ್ಜಗ ಹ್ವಾದ ವರ್ಷದಿಂದ ದಮ್ಮಿತ್ತು. ನಮ್ಮ ಅಮ್ಮೀನೂ ನಮ್ಮ ಅಬ್ಬಾನ ಹೆಸರ ಒಂದಿನಾನೂ ತಗೊಂಡಾಕಿ ಅಲ್ಲ. ನಾ ನಿನ್ನಷ್ಟು ಇದ್ದಾಗೇ ಅಬ್ಬಾ ಹೋಗಿಬಿಟ್ರು.”

ವಿಜಯಶ್ರೀ ಮೂಗು ಒರೆಸಿಕೊಂಡಳು.

“ಆಯಿಗೆ ಸುಮ್ಮ ಬಂದು ಕುಂಡ್ರಾಕ ಹೇಳು. ಇಲ್ಲಿಗೆ ಎಲ್ಲಾರೂ ಓದಾಕೇ ಬರ್ತಾರಂತ ಮಾಡಿಯೇನು? ಅರ್ಧ ಮಂದಿ ಅಳಾಕ ಬರ್ತಾರ. ಮನ್ಯಾಗ ಅಳಾಕ ಜಾಗಾ ಇರಂಗಿಲ್ಲ.”

ದಾರಿಯಲ್ಲಿ ವಿಜಯಶ್ರೀಗೆ ಅಜ್ಜ ನೆನಪಾದ. ಆಯಿ ‘ಚಂದ್ರ’ ಎಂದು ಓದಿದ ಸುದ್ದಿಯನ್ನು ಅವಳು ಅವತ್ತೇ ಅಜ್ಜನ ಕಿವಿಯಲ್ಲಿ ಹೇಳಿದ್ದಳು. ಇಷ್ಟು ದಿನ ಅದನ್ನು ಯಾರಿಗೂ ಹೇಳಿರಲಿಲ್ಲ. ಮನೆಗೆ ಬಂದವಳು ನೇರವಾಗಿ ಹಿತ್ತಲಿಗೆ ಹೋದಳು.

“ಆಯಿ, ಅಜ್ಜಗ ಗೊತ್ತಿತ್ತು.”

“ಏನು?”

“ನೀ ಹೆಸರ ಅಂದಿದ್ದು. ನಾ ಹೇಳಿದೆ. ಅಜ್ಜ ಕೆಮ್ಮು ಬರೂಮಟ ನಕ್ಕ. ಆಕೀ ಬಾಯಾಗ ನನ್ನ ಹೆಸರ ಹ್ಯಾಂಗ ಕೇಳಸ್ತದ ಅಂತ ನನ್ನೇ ಕೇಳ್ದ.”

ಆಯಿ ಬೇಳೆಯಿಂದ ತಲೆ ಎತ್ತಿದಳು. “ಸಿಟ್ಟಾಗ್ಲಿಲ್ಲೇನು?”

“ಇಲ್ಲ. ಆರಾಮಾದ ಮ್ಯಾಲ ಸಾಲಿ ಕಿಡಕಿ ಹೊರಗ ನಿಂತು ಕೇಳ್ತೀನಂದ. ನಿನಗ ಹೇಳಬ್ಯಾಡ, ನಾಚಿ ಓದೂದು ಬಿಡ್ತಾಳ ಅಂದ.”

ಆಯಿ ಮೊರ ಬದಿಗೆ ಸರಿಸಿದಳು. ಮೊಣಕಾಲಿನ ಮೇಲೆ ಮುಖ ಇಟ್ಟಳು. ಅಜ್ಜ ಹೋದ ದಿನ ಮನೆ ತುಂಬ ಮಂದಿ ಇದ್ದಾಗಲೂ ಅಳದ ಆಯಿ, ಈಗ ಅತ್ತಳು. ವಿಜಯಶ್ರೀ ಆಯಿಯ ಬೆನ್ನಿಗೆ ಆತುಕೊಂಡು ಕೂತಳು.

ಮರುದಿನ ಸಂಜೆ ಆಯಿ ತಾನೇ ಗೂಟದಿಂದ ಚೀಲ ತೆಗೆದಳು.

ಕ್ಲಾಸಿನಲ್ಲಿ ತನ್ನ ಬೆಂಚು ಬಿಟ್ಟು ಕಿಟಕಿಯ ಪಕ್ಕದ ಬೆಂಚಿಗೆ ಹೋದಳು. ಗುರುಬಾಯಿ ಅಲ್ಲಿಂದ ಸರಿದು ಜಾಗ ಕೊಟ್ಟಳು. ಟೀಚರ್ ಓದು ಅನ್ನಲಿಲ್ಲ, ಬರಿ ಅನ್ನಲಿಲ್ಲ. ಆಯಿ ತಾನಾಗಿಯೇ ಪಾಟಿಯ ಮೇಲೆ ಬಾಗಿ ‘ಚಂ’ ಬರೆದಳು. ಮುಂದೆ ಗೊತ್ತಾಗದೆ ವಿಜಯಶ್ರೀಯ ಕಡೆ ನೋಡಿದಳು.

“ಆ ಎರಡನೇ ಅಕ್ಷರ ಹ್ಯಾಂಗ ಬರೀಬೇಕ?”

ವಿಜಯಶ್ರೀ ಬೆಂಚಿನ ಮೇಲೆ ಬೆರಳಿನಿಂದ ‘ದ್ರಾ’ ಬರೆದು ತೋರಿಸಿದಳು. ಆಯಿ ನೋಡಿ ನೋಡಿ ಕೊನೆಯ ‘ಪ್ಪ’ದವರೆಗೂ ಬರೆದಳು. ಬಳೆಯ ಸದ್ದಿಲ್ಲ. ಬಳಪದ ಸದ್ದೊಂದೇ.

ಕ್ಲಾಸ್ ಮುಗಿಯಿತು. ಎಲ್ಲರೂ ಪಾಟಿ ಒರೆಸಿ ಎದ್ದರು. ಆಯಿ ಏಳಲಿಲ್ಲ.

“ನಡಿ ಆಯಿ, ಕತ್ತಲಾಗ್ತದ.”

“ನೀ ಮುಂದ ಹೋಗು. ಬಂದೆ.”

ವಿಜಯಶ್ರೀ ಬಾಗಿಲ ಹೊರಗೆ ಹೋಗಿ ನಿಂತಳು. ಒಳಗೆ ಆಯಿ ಪಾಟಿಯನ್ನು ಕಿಟಕಿಯ ಕಡೆ ತಿರುಗಿಸಿ ಹಿಡಿದು ಮೆಲ್ಲಗೆ ಏನೋ ಓದಿದಳು. ಹೊರಗೆ ಅದು ಕೇಳಿಸಲಿಲ್ಲ. ಜೋರಾಗಿ ಅನ್ನು ಎಂದು ವಿಜಯಶ್ರೀ ಹೇಳಲಿಲ್ಲ. ಬಗ್ಗಿ ಆಯಿಯ ಚಪ್ಪಲಿಗಳನ್ನು ಹತ್ತಿರಕ್ಕೆ ಎಳೆದು ಜೋಡಿಸಿಟ್ಟು, ಕಾಯುತ್ತ ನಿಂತಳು.